ಕಲ್ಲು-ಮಣ್ಣಿನ ಹಾದಿಯ ಓಟ: ಬೂಟಿನ ಆಯ್ಕೆ ಮತ್ತು ನೋವಿದ್ದಾಗಿನ ಅಭ್ಯಾಸ



ಪೊಲೀಸ್ ಅಥವಾ ಸೇನಾ ನೇಮಕಾತಿಯ ಪ್ರಕಟಣೆ ಬಂದಿತೆಂದರೆ ಹಳ್ಳಿಹಳ್ಳಿಗಳಲ್ಲಿ ಓಟದ ಅಭ್ಯಾಸ ಶುರುವಾಗುತ್ತದೆ. ಎಲ್ಲ ಊರುಗಳಲ್ಲಿ ಮೈದಾನ ಇರುವುದಿಲ್ಲ. ಹೊಲದ ಬದು, ಕೆರೆಯ ಏರಿ, ಕಾಲುವೆಯ ದಂಡೆ, ಗುಡ್ಡದ ಕಾಲುದಾರಿಗಳೇ ನಮ್ಮ ಮಕ್ಕಳ ಮೈದಾನ. ಈಚಿನ ವರ್ಷಗಳ ಕರ್ನಾಟಕ ಪೊಲೀಸ್ ಕಾನ್‌ಸ್ಟೆಬಲ್ ನೇಮಕಾತಿಗಳಲ್ಲಿ ಪುರುಷರು 1600 ಮೀಟರನ್ನು 6 ನಿಮಿಷ 30 ಸೆಕೆಂಡಿನೊಳಗೆ, ಮಹಿಳೆಯರು 400 ಮೀಟರನ್ನು 2 ನಿಮಿಷದೊಳಗೆ ಓಡಬೇಕಾಗಿತ್ತು. ವಯೋಮಿತಿ ಇರುವುದರಿಂದ ಸಿಗುವ ಅವಕಾಶಗಳೂ ಕೆಲವೇ. ಆದ್ದರಿಂದ ಕಾಲು ನೋಯುತ್ತಿದ್ದರೂ ಹಲ್ಲು ಕಚ್ಚಿ ಓಡುತ್ತಾರೆ. ಎರಡು ವಾರದ ವಿಶ್ರಾಂತಿಯಿಂದ ಹೋಗಬಹುದಾಗಿದ್ದ ನೋವು ಎಲುಬಿನ ಬಿರುಕಾಗಿ, ಇಡೀ ವರ್ಷದ ಶ್ರಮ ಮಣ್ಣುಪಾಲಾಗುತ್ತದೆ.

ಹಾಗಾಗದಂತೆ ಬೂಟನ್ನು ಹೇಗೆ ಆರಿಸಬೇಕು, ನೋವು ಬಂದಾಗ ಯಾವಾಗ ಓಡಬಹುದು, ಯಾವಾಗ ನಿಲ್ಲಿಸಬೇಕು ಎಂಬುದನ್ನು ಈ ಪಾಠದಲ್ಲಿ ತಿಳಿಯೋಣ. ಓಡುವವರ ಜೊತೆಗೆ ಅವರ ತಂದೆತಾಯಿಗಳೂ ಇದನ್ನು ಓದಬೇಕೆಂದು ವಿನಂತಿ.

ಕಾಲಿಗೆ ಏನಾಗುತ್ತದೆ?

ಒಂದೊಂದು ಪಾದದಲ್ಲಿ 26 ಎಲುಬುಗಳಿವೆ. ಓಡುವಾಗ ಪ್ರತಿ ಹೆಜ್ಜೆಗೂ ಮೈತೂಕದ ಎರಡು-ಮೂರು ಪಟ್ಟು ಭಾರ ಕಾಲಿನ ಮೇಲೆ ಬೀಳುತ್ತದೆ. 1600 ಮೀಟರ್ ಓಟದಲ್ಲಿ ಸಾವಿರಕ್ಕೂ ಹೆಚ್ಚು ಹೆಜ್ಜೆಗಳಾಗುತ್ತವೆ. ಭಾರ ಹೆಚ್ಚಾದಾಗ ದೇಹ ಎಲುಬನ್ನು ರಿಪೇರಿ ಮಾಡಿ ಬಲಪಡಿಸುತ್ತದೆ. ಈ ರಿಪೇರಿಯಲ್ಲಿ ಸವೆದ ಹಳೆಯ ಭಾಗವನ್ನು ತೆಗೆಯುವುದು ಮೊದಲು, ಹೊಸದನ್ನು ಕಟ್ಟುವುದು ಆಮೇಲೆ. ಆದ್ದರಿಂದ ಒಮ್ಮೆಲೇ ಓಟ ಹೆಚ್ಚಿಸಿದವರ ಎಲುಬು ಮೊದಲ ಕೆಲವು ವಾರಗಳಲ್ಲಿ ಸ್ವಲ್ಪ ದುರ್ಬಲವಾಗಿಯೇ ಇರುತ್ತದೆ.

ಉಸಿರಿನ ದಮ್ಮು ಬೇಗ ಬರುತ್ತದೆ, ಎಲುಬು ಮತ್ತು ಸ್ನಾಯುಬಂಧ ನಿಧಾನವಾಗಿ ಗಟ್ಟಿಯಾಗುತ್ತವೆ. "ನನಗೆ ದಮ್ಮು ಇದೆ, ಇನ್ನೂ ಓಡಬಲ್ಲೆ" ಎನ್ನಿಸುವ ಹೊತ್ತಿನಲ್ಲೇ ಕಾಲು ಪೆಟ್ಟು ತಿನ್ನುತ್ತಿರಬಹುದು.

ಬೂಟು ಕೊಳ್ಳುವಾಗ ಗಮನಿಸಬೇಕಾದ ಅಂಶಗಳು

1. ಸಂಜೆ ಹೊತ್ತು ಕೊಳ್ಳಿರಿ. ದಿನವಿಡೀ ಓಡಾಡಿದ ಪಾದ ಸಂಜೆಗೆ ಸ್ವಲ್ಪ ಊದಿರುತ್ತದೆ. ಓಡುವಾಗಲೂ ಹಾಗೆಯೇ ಊದುತ್ತದೆ.

2. ಓಡುವಾಗ ಹಾಕುವ ಕಾಲುಚೀಲವನ್ನೇ ಹಾಕಿಕೊಂಡು, ಎರಡೂ ಕಾಲಿಗೆ ಬೂಟು ತೊಟ್ಟು, ಎದ್ದು ನಿಂತು ನೋಡಿರಿ. ಬಹಳ ಜನರ ಎರಡು ಪಾದಗಳು ಒಂದೇ ಅಳತೆಯಲ್ಲಿರುವುದಿಲ್ಲ. ದೊಡ್ಡ ಪಾದಕ್ಕೆ ಸರಿಹೋಗುವುದನ್ನು ಆರಿಸಿರಿ.

3. ಅತಿ ಉದ್ದದ ಬೆರಳಿಗೂ ಬೂಟಿನ ತುದಿಗೂ ನಡುವೆ ಹೆಬ್ಬೆರಳಿನ ಅಗಲದಷ್ಟು ಜಾಗ ಇರಲಿ. ಇಲ್ಲವಾದರೆ ಗುಡ್ಡ ಇಳಿಯುವಾಗ ಬೆರಳು ಮುಂದಕ್ಕೆ ಬಡಿದು ಉಗುರು ಕಪ್ಪಾಗುತ್ತದೆ. ಬೆರಳುಗಳನ್ನು ಒಳಗೆ ಅಗಲಿಸಲು ಬರಬೇಕು. ಆದರೆ ಹಿಮ್ಮಡಿ ಮೇಲೆ ಕೆಳಗೆ ಜಾರಬಾರದು.

4. ಅಂಗಡಿಯ ಮುಂದಿನ ಇಳಿಜಾರು ಅಥವಾ ಮೆಟ್ಟಿಲ ಮೇಲೆ ಹತ್ತಿಳಿದು ನೋಡಿರಿ. "ಹಾಕುತ್ತ ಹಾಕುತ್ತ ಸಡಿಲಾಗುತ್ತದೆ" ಎಂಬ ಮಾತಿನ ಮೇಲೆ ಬಿಗಿಯಾದ ಬೂಟು ಕೊಳ್ಳಬೇಡಿರಿ. ಹಾಕಿದ ಕೂಡಲೇ ಹಿತವೆನಿಸಬೇಕು.

5. ಸೋಲಿನ ಹಲ್ಲುಗಳನ್ನು ನೋಡಿರಿ. ಡಾಂಬರು ರಸ್ತೆಯ ಬೂಟಿನ ಸೋಲ್ ಬಹುತೇಕ ನುಣುಪಾಗಿದ್ದು, ಕಾಲುದಾರಿಯ ಬೂಟಿಗೆ ರಬ್ಬರಿನ ಹಲ್ಲುಗಳಿರುತ್ತವೆ. ಗರಸು ಮತ್ತು ಗಟ್ಟಿ ಕೆಮ್ಮಣ್ಣಿನ ಹಾದಿಗೆ 3-4 ಮಿಲಿಮೀಟರಿನ ಹಲ್ಲು ಸಾಕು. ಮಳೆಗಾಲದ ಎರೆಮಣ್ಣಿಗೆ ಇನ್ನೂ ಆಳವಾದ, ಒಂದರಿಂದೊಂದು ದೂರವಿರುವ ಹಲ್ಲು ಬೇಕು. ಹತ್ತಿರ ಹತ್ತಿರ ಇದ್ದರೆ ಮಣ್ಣು ಮೆತ್ತಿಕೊಂಡು ಬೂಟು ಭಾರವಾಗಿ ಜಾರುತ್ತದೆ. ಎರೆಭೂಮಿ ಹಸಿಯಿದ್ದ ದಿನ ಊರ ರಸ್ತೆಯ ಅಂಚಿನಲ್ಲಿ ಓಡುವುದೇ ಕ್ಷೇಮ.

6. ಕಲ್ಲು ಹೆಚ್ಚಿದ್ದರೆ ಬೆರಳ ತುದಿಗೆ ಗಟ್ಟಿ ರಬ್ಬರಿನ ಕಟ್ಟು ಇರುವ ಬೂಟು ಒಳ್ಳೆಯದು. ಕೆಲವು ಬೂಟುಗಳಲ್ಲಿ ಚೂಪುಗಲ್ಲು ಅಂಗಾಲಿಗೆ ಒತ್ತದಂತೆ ಸೋಲಿನೊಳಗೆ ತೆಳು ಹಲಗೆ ಇರುತ್ತದೆ. ನಾಲಗೆಯ ಎರಡೂ ಬದಿ ಬೂಟಿಗೆ ಹೊಲಿದಿದ್ದರೆ ಹರಳು ಒಳಗೆ ಹೋಗುವುದು ಕಡಿಮೆ.

7. ಹಿಮ್ಮಡಿಯ ಎತ್ತರ ಗಮನಿಸಿರಿ. ಹಿಮ್ಮಡಿ ತೀರ ತಗ್ಗಾಗಿರುವ ಬೂಟು ಮೀನಖಂಡಕ್ಕೂ ಹಿಮ್ಮಡಿಯ ನರದಂತಿರುವ ದಪ್ಪ ಸ್ನಾಯುಬಂಧಕ್ಕೂ ಹೆಚ್ಚು ಭಾರ ಕೊಡುತ್ತದೆ. ಎತ್ತರವಿರುವುದು ಮೊಣಕಾಲಿಗೆ ಹೆಚ್ಚು ಭಾರ ಕೊಡುತ್ತದೆ. ಹಳೆಯ ಬೂಟಿಗಿಂತ ಬಹಳ ಬೇರೆ ಎತ್ತರದ್ದನ್ನು ಕೊಂಡರೆ ಮೊದಲ ಕೆಲವು ವಾರ ಸ್ವಲ್ಪ ಸ್ವಲ್ಪವೇ ಓಡಿರಿ.

8. ಬೂಟಿಗೂ ಆಯುಷ್ಯವಿದೆ. ಸುಮಾರು 500ರಿಂದ 800 ಕಿಲೋಮೀಟರ್ ಓಡಿದ ಮೇಲೆ ಒಳಗಿನ ಮೆತ್ತೆ ಚಪ್ಪಟೆಯಾಗುತ್ತದೆ. ಹಲ್ಲು ಸವೆದಿದ್ದರೆ, ಮೇಜಿನ ಮೇಲಿಟ್ಟಾಗ ಒಂದು ಬದಿಗೆ ವಾಲಿದರೆ ಬದಲಾಯಿಸಿರಿ. ನೆನೆದ ಬೂಟನ್ನು ಒಲೆಯ ಹತ್ತಿರ ಇಡಬೇಡಿರಿ, ಅಂಟು ಬಿಡುತ್ತದೆ. ಒಳಗೆ ಹಳೆಯ ಪತ್ರಿಕೆ ತುರುಕಿ ನೆರಳಿನಲ್ಲಿ ಒಣಗಿಸಿರಿ.

ಬೂಟಿನಿಂದ ಆಗದ ಕೆಲಸ

ಒಳ್ಳೆಯ ಬೂಟು ಕಲ್ಲು, ಮುಳ್ಳು, ಜಾರುವಿಕೆಗಳಿಂದ ಕಾಪಾಡುತ್ತದೆ. ಅತಿಯಾದ ಅಭ್ಯಾಸದಿಂದ ಕಾಪಾಡುವುದಿಲ್ಲ. ಅಮೆರಿಕದ ಭೂಸೇನೆ, ವಾಯುಸೇನೆ ಮತ್ತು ಮರೀನ್ ದಳದ ಹೊಸ ಸೈನಿಕರ ಮೇಲೆ ನಡೆದು 2009-10ರ ಸುಮಾರಿಗೆ ಪ್ರಕಟವಾದ ಅಧ್ಯಯನಗಳು ಇದನ್ನು ತೋರಿಸಿವೆ. ಕೆಲವರಿಗೆ ಅಂಗಾಲಿನ ಕಮಾನು ನೋಡಿ ಅದಕ್ಕೆ ತಕ್ಕ ಬೂಟು ಕೊಟ್ಟರು, ಉಳಿದವರಿಗೆಲ್ಲ ಒಂದೇ ಬಗೆಯ ಬೂಟು ಕೊಟ್ಟರು. ಗಾಯಗಳ ಪ್ರಮಾಣದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಆದ್ದರಿಂದ ನೋವಿಗೆ ಮದ್ದೆಂದು ಸಾಲ ಮಾಡಿ ದುಬಾರಿ ಬೂಟು ತರುವ ಅಗತ್ಯವಿಲ್ಲ.

ನೋವಿನ ಮೂರು ದೀಪಗಳು

ನೋವು ಇಲ್ಲದಿದ್ದರೆ 0, ತಾಳಲಾರದಷ್ಟಿದ್ದರೆ 10 ಎಂದು ಅಂಕ ಕೊಡಿರಿ. ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಯಾದವರನ್ನು ನಾವು ಕೇಳುವುದೂ ಹೀಗೆಯೇ.

ಹಸಿರು ದೀಪ: ಅಂಕ 0ಯಿಂದ 2. ಓಡುತ್ತ ಹೋದಂತೆ ಹೆಚ್ಚುವುದಿಲ್ಲ, ಮರುದಿನ ಬೆಳಿಗ್ಗೆ ಉಳಿದಿರುವುದಿಲ್ಲ. ಅಭ್ಯಾಸ ಮುಂದುವರಿಸಬಹುದು.

ಹಳದಿ ದೀಪ: ಅಂಕ 3ರಿಂದ 5, ಅಥವಾ ಮರುದಿನ ಬೆಳಿಗ್ಗೆಯೂ ಬಿಗಿತ ಇದೆ. ದೂರವನ್ನು ಅರ್ಧಕ್ಕೆ ಇಳಿಸಿರಿ. ಗುಡ್ಡ ಮತ್ತು ವೇಗದ ಓಟ ಬಿಡಿರಿ. ಒಂದು ದಿನ ಬಿಟ್ಟು ಒಂದು ದಿನ ಓಡಿರಿ. ಒಂದು ವಾರದಲ್ಲಿ ಇಳಿಯದಿದ್ದರೆ ವೈದ್ಯರಿಗೆ ತೋರಿಸಿರಿ.

ಕೆಂಪು ದೀಪ: ಕೆಳಗಿನವುಗಳಲ್ಲಿ ಒಂದಿದ್ದರೂ ಓಟ ನಿಲ್ಲಿಸಿ ಆಸ್ಪತ್ರೆಗೆ ಬನ್ನಿರಿ.
- ನೋವು 5ಕ್ಕಿಂತ ಹೆಚ್ಚು, ಅಥವಾ ಕುಂಟುತ್ತ ಓಡಬೇಕಾಗಿದೆ.
- ಎಲುಬಿನ ಮೇಲೆ ಒಂದೇ ಜಾಗದಲ್ಲಿ, ಬೆರಳ ತುದಿಯಿಂದ ಒತ್ತಿದರೆ ಚುಚ್ಚಿದಂತಾಗುತ್ತದೆ.
- ಮಲಗಿದಾಗಲೂ, ರಾತ್ರಿಯೂ ನೋಯುತ್ತದೆ.
- ತೊಡೆಸಂದಿನಲ್ಲಿ ನೋವಿದೆ. ತೊಡೆಯೆಲುಬಿನ ಕುತ್ತಿಗೆಯಲ್ಲಿ ಬಿರುಕಿದ್ದರೆ ಅದು ಪೂರ್ತಿ ಮುರಿಯುವ ಅಪಾಯವಿದೆ.
- ಪಾದ ಮರಗಟ್ಟುತ್ತದೆ, ಮೀನಖಂಡ ಊದಿ ಬಿಸಿಯಾಗಿದೆ.

ಮೊಣಕಾಲಿನ ಕೆಳಗೆ ಕಾಲಿನ ಒಳಅಂಚಿನಲ್ಲಿ ನಾಲ್ಕಾರು ಬೆರಳಗಲದುದ್ದ ಹರಡಿಕೊಂಡ ನೋವು ಸಾಮಾನ್ಯವಾಗಿ ಎಲುಬಿನ ಹೊದಿಕೆಯ ಬಾವು. ಅಭ್ಯಾಸ ಇಳಿಸಿದರೆ ಹೋಗುತ್ತದೆ. ಒಂದೇ ಬಿಂದುವಿನಲ್ಲಿರುವ ನೋವು ಬಿರುಕಿನದಿರಬಹುದು. ಮೊದಲ ಎರಡು-ಮೂರು ವಾರ ಎಕ್ಸ್‌ರೇಯಲ್ಲಿ ಬಿರುಕು ಕಾಣದೇ ಇರಬಹುದು. "ಎಕ್ಸ್‌ರೇ ಸರಿಯಿದೆ, ಏನೂ ಆಗಿಲ್ಲ" ಎಂದು ಮರುದಿನವೇ ಓಡಬೇಡಿರಿ. ಬೇಕಿದ್ದರೆ ವೈದ್ಯರು ಎಂಆರ್‌ಐ ಪರೀಕ್ಷೆ ಹೇಳುತ್ತಾರೆ.

ಪಾದ ಉಳುಕಿದರೆ

ಕಲ್ಲಿನ ಮೇಲೆ ಕಾಲು ಹೊರಳಿದ ಕೂಡಲೇ ಓಟ ನಿಲ್ಲಿಸಿರಿ. ಬಟ್ಟೆಯಲ್ಲಿ ಸುತ್ತಿದ ಐಸನ್ನು 10ರಿಂದ 15 ನಿಮಿಷ ಇಡಿರಿ. ಬೆರಳುಗಳ ಬುಡದಿಂದ ಮೇಲಕ್ಕೆ ಕ್ರೇಪ್ ಬ್ಯಾಂಡೇಜ್ ಸುತ್ತಿರಿ. ಬೆರಳು ನೀಲಿಯಾದರೆ ಸಡಿಲಿಸಿರಿ. ಮಲಗಿದಾಗ ದಿಂಬಿನ ಮೇಲೆ ಕಾಲೆತ್ತಿ ಇಡಿರಿ. ಮೊದಲ ಎರಡು-ಮೂರು ದಿನ ಎಣ್ಣೆ ತಿಕ್ಕುವುದು, ಬಿಸಿ ಶಾಖ ಕೊಡುವುದು, ಉಳುಕು ತೆಗೆಯುವವರಿಂದ ಎಳೆಸುವುದು ಬೇಡ. ಎಲುಬು ಮುರಿದಿದ್ದರೆ ಎಳೆತದಿಂದ ಮತ್ತಷ್ಟು ಸರಿಯುತ್ತದೆ.

ನಾಲ್ಕು ಹೆಜ್ಜೆ ಊರಲಾಗದಿದ್ದರೆ, ಪಾದದ ಗಿಣ್ಣಿನ ಎಲುಬನ್ನು ಹಿಂಬದಿಯಿಂದ ಒತ್ತಿದಾಗ ನೋವಿದ್ದರೆ, ಅಥವಾ ಪಾದದ ಹೊರಅಂಚಿನ ನಡುಭಾಗದ ಎಲುಬು ನೋಯುತ್ತಿದ್ದರೆ ಎಕ್ಸ್‌ರೇ ಬೇಕು.

ಓಟ ನಿಂತರೂ ಅಭ್ಯಾಸ ನಿಲ್ಲಬೇಕಿಲ್ಲ

"ಬಿಟ್ಟರೆ ದಮ್ಮು ಹೋಗುತ್ತದೆ" ಎಂಬ ಭಯವೇ ಹೆಚ್ಚಿನವರನ್ನು ನೋವಿನಲ್ಲಿ ಓಡಿಸುತ್ತದೆ. ವೈದ್ಯರು ಒಪ್ಪಿದರೆ ಸೈಕಲ್ ತುಳಿಯಬಹುದು, ಈಜು ಬರುವವರು ಜೊತೆಗೊಬ್ಬರನ್ನು ಇಟ್ಟುಕೊಂಡು ಈಜಬಹುದು. ಇವುಗಳಿಂದ ಉಸಿರಿನ ಶಕ್ತಿ ಬಹುಮಟ್ಟಿಗೆ ಉಳಿಯುತ್ತದೆ. ತೋಳು, ಹೊಟ್ಟೆ, ಸೊಂಟದ ವ್ಯಾಯಾಮಕ್ಕೆ ಕಾಲಿನ ಗಾಯ ಅಡ್ಡಿಯಲ್ಲ.

ಉಳುಕು ವಾಸಿಯಾಗುತ್ತಿದ್ದಂತೆ ಗೋಡೆಯ ಹತ್ತಿರ ಒಂಟಿಕಾಲಿನಲ್ಲಿ ಅರ್ಧ ನಿಮಿಷ ನಿಲ್ಲುವ ಅಭ್ಯಾಸ ಮಾಡಿರಿ. ಮತ್ತೆ ಮತ್ತೆ ಉಳುಕುವುದನ್ನು ಇದು ತಡೆಯುತ್ತದೆ. ಮೀನಖಂಡಕ್ಕಾಗಿ ಹಿಮ್ಮಡಿ ಎತ್ತಿ ಇಳಿಸುವ ವ್ಯಾಯಾಮವನ್ನು ನಿಧಾನವಾಗಿ 15 ಸಲದಂತೆ ಮೂರು ಸುತ್ತು ಮಾಡಿರಿ.

ಮರಳಿ ಓಡುವ ಮೊದಲು 30 ನಿಮಿಷ ಬಿರುಸಾಗಿ ನಡೆಯಿರಿ. ನೋವಿಲ್ಲದಿದ್ದರೆ, ಸಮತಟ್ಟಾದ ಹಾದಿಯಲ್ಲಿ 1 ನಿಮಿಷ ಓಟ, 2 ನಿಮಿಷ ನಡಿಗೆಯಂತೆ ಎಂಟು ಸಲ ಮಾಡಿರಿ. ಮರುದಿನ ವಿಶ್ರಾಂತಿ. ಬೆಳಿಗ್ಗೆ ಹಸಿರು ದೀಪವಿದ್ದರೆ ಮಾತ್ರ ಮುಂದಿನ ಹೆಜ್ಜೆ. ಮೊದಲು ದೂರ, ಆಮೇಲೆ ವೇಗ, ಕೊನೆಗೆ ಗುಡ್ಡ. ವಾರದ ಒಟ್ಟು ದೂರವನ್ನು ನೂರಕ್ಕೆ ಹತ್ತರಷ್ಟಕ್ಕಿಂತ ಹೆಚ್ಚು ಏರಿಸದಿರುವುದು ವಾಡಿಕೆಯ ಎಚ್ಚರ. ಬಿರುಕಿದ್ದವರು ಸಾಮಾನ್ಯವಾಗಿ 6ರಿಂದ 8 ವಾರ, ಕೆಲವೊಮ್ಮೆ ಇನ್ನೂ ಹೆಚ್ಚು ಕಾಯಬೇಕು. ಅವರು ವೈದ್ಯರ ಒಪ್ಪಿಗೆಯಿಲ್ಲದೆ ಓಡಕೂಡದು.

ಮನೆಯವರಲ್ಲಿ ವಿನಂತಿ

ಓಡುವ ಮಕ್ಕಳಿಗೆ ಹೊಟ್ಟೆ ತುಂಬ ಊಟ ಕೊಡಿರಿ. ರಾಗಿ, ಹಾಲು, ಮೊಸರು, ಬೇಳೆ, ಶೇಂಗಾ, ಎಳ್ಳು ಎಲುಬಿಗೂ ಸ್ನಾಯುವಿಗೂ ಒಳ್ಳೆಯವು. ಅಭ್ಯಾಸದ ದಿನಗಳಲ್ಲಿ ಕಟ್ಟುಪವಾಸ ಬೇಡ. ಹೆಣ್ಣುಮಕ್ಕಳಿಗೆ ಮೂರು ತಿಂಗಳು ಮುಟ್ಟು ನಿಂತರೆ "ಓಟದಿಂದ ಹಾಗಾಗುತ್ತದೆ" ಎಂದು ಸುಮ್ಮನಿರಬೇಡಿರಿ. ದೇಹಕ್ಕೆ ಆಹಾರ ಸಾಲುತ್ತಿಲ್ಲ, ಎಲುಬು ಸೊರಗುತ್ತಿದೆ ಎಂಬುದರ ಸೂಚನೆ ಅದಾಗಿರಬಹುದು. ನಾಚಿಕೆಯಿಲ್ಲದೆ ವೈದ್ಯರಿಗೆ ತಿಳಿಸಿರಿ.

ಮಗ ಕುಂಟುತ್ತಿದ್ದರೆ "ಇನ್ನೊಂದು ಸುತ್ತು ಓಡು" ಎನ್ನಬೇಡಿರಿ. ಕಾಲು ನೋವೆಂದು ಹೇಳಿದರೆ ಮನೆಯಲ್ಲಿ ಬೈಗುಳ ಸಿಗುತ್ತದೆ ಎಂಬ ಅಂಜಿಕೆಯಿಂದ ಮುಚ್ಚಿಡುವ ಮಕ್ಕಳು ಉಂಟು. ಕಾಯಕ ಮಾಡಲು ಕಾಯ ಬೇಕು. ಅದನ್ನು ಕಾಪಾಡಿಕೊಳ್ಳುವುದು ಸೋಮಾರಿತನವಲ್ಲ.

ಕೆಲವು ಪ್ರಶ್ನೆಗಳು

ಪ್ರಶ್ನೆ: ನೋವಿನ ಗುಳಿಗೆ ನುಂಗಿ ಓಡಬಹುದೇ?
ಉತ್ತರ: ಬೇಡ. ಗುಳಿಗೆ ಕೆಂಪು ದೀಪವನ್ನು ಮುಚ್ಚುತ್ತದೆಯೇ ಹೊರತು ಗಾಯವನ್ನು ಮಾಯಿಸುವುದಿಲ್ಲ. ಡೈಕ್ಲೋಫೆನಾಕ್, ಐಬುಪ್ರೊಫೆನ್ ತರಹದ ಗುಳಿಗೆ ನುಂಗಿ ಬಿಸಿಲಲ್ಲಿ ಬೆವರು ಸುರಿಸಿದರೆ ಮೂತ್ರಪಿಂಡಕ್ಕೂ ಹಾನಿಯಾಗಬಹುದು.

ಪ್ರಶ್ನೆ: ಬರಿಗಾಲಲ್ಲಿ ಓಡಿ ರೂಢಿಯಿದೆ. ಬೂಟು ಬೇಕೇ?
ಉತ್ತರ: ಚಿಕ್ಕಂದಿನಿಂದ ರೂಢಿಯಿದ್ದವರ ಪಾದ ಗಟ್ಟಿಯಾಗಿರುತ್ತದೆ. ಆದರೂ ಮುಳ್ಳು, ಗಾಜಿನ ಚೂರು, ತುಕ್ಕು ಹಿಡಿದ ಮೊಳೆಗೆ ರೂಢಿ ಗೊತ್ತಾಗುವುದಿಲ್ಲ. ಕಾಲಿಗೆ ಗಾಯವಾದರೆ ಧನುರ್ವಾಯು ಚುಚ್ಚುಮದ್ದಿನ ಬಗ್ಗೆ ಕೇಳಿರಿ.

ಪ್ರಶ್ನೆ: ಪರೀಕ್ಷೆಯ ದಿನಕ್ಕೆಂದು ಹೊಸ ಬೂಟು ಎತ್ತಿಡಬಹುದೇ?
ಉತ್ತರ: ಬೇಡ. ಕನಿಷ್ಠ ಎರಡು-ಮೂರು ವಾರ ಹಾಕಿ ಪಳಗಿದ ಬೂಟಿನಲ್ಲೇ ಓಡಿರಿ. ಪರೀಕ್ಷೆ ಮೈದಾನದಲ್ಲಿ ನಡೆಯುವುದರಿಂದ ವಾರಕ್ಕೊಮ್ಮೆಯಾದರೂ ಶಾಲೆಯ ಬಯಲಿನಲ್ಲಿ ಅದೇ ಬೂಟಿನಿಂದ ಓಡಿ ನೋಡಿರಿ.

ಪ್ರಶ್ನೆ: ಮಗ ಬಿಟ್ಟ ಬೂಟನ್ನು ಸಕ್ಕರೆ ಕಾಯಿಲೆಯ ತಂದೆ ಹಾಕಿಕೊಳ್ಳಬಹುದೇ?
ಉತ್ತರ: ಹಾಕಬಾರದು. ಆ ಬೂಟು ಮಗನ ಪಾದದ ಆಕಾರಕ್ಕೆ ಬಗ್ಗಿ ಸವೆದಿರುತ್ತದೆ. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಕಡಿಮೆಯಾದವರಿಗೆ ಬೂಟು ಕಚ್ಚಿದ್ದು ತಿಳಿಯುವುದಿಲ್ಲ. ಸಣ್ಣ ಗುಳ್ಳೆ ಹುಣ್ಣಾಗಿ ಬೆರಳು ಕತ್ತರಿಸುವ ಹಂತಕ್ಕೆ ಹೋಗಬಹುದು. ಅಂಥವರು ತಮ್ಮ ಅಳತೆಯ ಮೆತ್ತನೆಯ ಪಾದರಕ್ಷೆ ಹಾಕಿ, ದಿನವೂ ರಾತ್ರಿ ಅಂಗಾಲನ್ನು ದೀಪದ ಬೆಳಕಿನಲ್ಲಿ ನೋಡಿಕೊಳ್ಳಬೇಕು.

ನೆನಪಿಡಿರಿ

- ಪಾದಕ್ಕೆ ಹೊಂದುವ, ಹಾದಿಗೆ ತಕ್ಕ ಹಲ್ಲಿರುವ ಬೂಟು ಸಾಕು. ಬೆಲೆ ಮುಖ್ಯವಲ್ಲ.
- ದಮ್ಮಿಗಿಂತ ಎಲುಬು ನಿಧಾನ. ಅಭ್ಯಾಸ ಎಲುಬಿನ ವೇಗದಲ್ಲಿ ಏರಲಿ.
- ಮರುದಿನ ಬೆಳಗಿನ ನೋವೇ ಹಿಂದಿನ ದಿನದ ಓಟದ ಲೆಕ್ಕಪತ್ರ.
- ಒಂದೇ ಬಿಂದುವಿನ ನೋವು, ರಾತ್ರಿಯ ನೋವು, ತೊಡೆಸಂದಿನ ನೋವು ಇದ್ದರೆ ಓಟ ಬಂದ್, ಆಸ್ಪತ್ರೆಗೆ ಭೇಟಿ.

ಈ ಪತ್ರಿಕೆಯನ್ನು ಓದಿದ ಮೇಲೆ ಮನೆಗೆ ಒಯ್ಯಿರಿ. ನಿಮ್ಮ ಓಣಿಯಲ್ಲಿ ನಸುಕಿನಲ್ಲೆದ್ದು ಓಡುವ ಹುಡುಗರಿದ್ದರೆ ಅವರ ಕೈಗೆ ಕೊಡಿರಿ. ಓದಲು ಬಾರದ ಹಿರಿಯರಿಗೆ ಓದಿ ಹೇಳಿರಿ. ಅದೂ ಒಂದು ದಾಸೋಹವೇ.