ಜೀವಕೋಶ ಮತ್ತು ಗಣಕಯಂತ್ರ: ಒಂದು ಉಪಮೆಯ ವಿಚಾರ

ಗವಯವನ್ನು ಎಂದೂ ಕಾಣದವನಿಗೆ ‘ಅದು ಹಸುವನ್ನು ಹೋಲುತ್ತದೆ’ ಎಂದು ತಿಳಿಸಿದರೆ, ಕಾಡಿನಲ್ಲಿ ಅದನ್ನು ಕಂಡೊಡನೆ ಅವನು ಗುರುತಿಸಬಲ್ಲನು. ಅಂತೆಯೇ ನ್ಯಾಯಶಾಸ್ತ್ರವು ಉಪಮಾನವನ್ನೂ ಒಂದು ಪ್ರಮಾಣವೆಂದು ಅಂಗೀಕರಿಸಿತು. ಇಂದು ವಿಜ್ಞಾನದ ತರಗತಿಗಳಲ್ಲಿ ಜೀವಕೋಶವನ್ನು ಗಣಕಯಂತ್ರಕ್ಕೆ ಹೋಲಿಸುವುದುಂಟು. ಈ ಉಪಮೆಯ ಸಾಧಾರಣಧರ್ಮವಾವುದು, ಅದು ಎಲ್ಲಿಯವರೆಗೆ ಸಲ್ಲುತ್ತದೆ ಎಂಬುದನ್ನು ವಿಚಾರಿಸೋಣ.

ಇಲ್ಲಿಯ ಸಾಧಾರಣಧರ್ಮವು ಲಿಪಿ. ಗಣಕಯಂತ್ರದ ಆದೇಶಗಳೆಲ್ಲವೂ 0 ಮತ್ತು 1 ಎಂಬ ಎರಡೇ ಅಂಕಗಳಲ್ಲಿ ಅಡಗಿರುತ್ತವೆ. ಜೀವಕೋಶದ ಡಿ.ಎನ್.ಎ.ಯಲ್ಲಿ ಅಡೆನಿನ್, ಥೈಮಿನ್, ಗ್ವಾನಿನ್, ಸೈಟೊಸಿನ್ ಎಂಬ ನಾಲ್ಕು ಅಕ್ಷರಗಳಿವೆ. ಮೂರು ಅಕ್ಷರಗಳು ಸೇರಿ ಒಂದು ಪದ; ಹೀಗೆ ಒಟ್ಟು 64 ಪದಗಳು. ಇವುಗಳಲ್ಲಿ 61 ಪದಗಳು ಪ್ರೋಟೀನುಗಳ ಘಟಕಗಳಾದ 20 ಅಮೈನೊ ಆಮ್ಲಗಳನ್ನು ಸೂಚಿಸುತ್ತವೆ. ಉಳಿದ ಮೂರು ಪೂರ್ಣವಿರಾಮಗಳಂತೆ. ಒಂದೇ ಅರ್ಥಕ್ಕೆ ಹಲವು ಪದಗಳಿರುವುದು ಅಮರಕೋಶವನ್ನು ಓದಿದವರಿಗೆ ಅಚ್ಚರಿಯೆನಿಸದು. ಈ ಸಂಕೇತಗಳನ್ನು ಬಿಡಿಸಿದ ಕಾರ್ಯಕ್ಕಾಗಿ ಭಾರತ ಸಂಜಾತರಾದ ಹರಗೋಬಿಂದ್ ಖೊರಾನಾ ಅವರು ನೈರೆನ್‌ಬರ್ಗ್ ಮತ್ತು ಹೋಲಿ ಅವರೊಡನೆ 1968ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದರು.

ಲಿಪಿಯಿದ್ದಲ್ಲಿ ಪ್ರತಿಯೂ ಉಂಟು, ಸ್ಖಾಲಿತ್ಯವೂ ಉಂಟು. ಗಣಕಯಂತ್ರದಲ್ಲಿ ದೋಷವನ್ನು ಶೋಧಿಸುವ ಏರ್ಪಾಡಿರುವಂತೆ, ಕೋಶವೂ ತಾನು ಮಾಡಿದ ಪ್ರತಿಯನ್ನು ತಿದ್ದಿಕೊಳ್ಳುತ್ತದೆ. ಆದರೂ ಕ್ವಚಿತ್ತಾಗಿ ತಪ್ಪು ಉಳಿಯುತ್ತದೆ. ಹಿಮೋಗ್ಲೋಬಿನ್ನಿನ ಒಂದು ಸರಣಿಯ ಆರನೆಯ ಪದದಲ್ಲಿ ಒಂದೇ ಅಕ್ಷರ ಪಲ್ಲಟವಾದರೆ ಕೆಂಪು ರಕ್ತಕಣವು ಕುಡುಗೋಲಿನಂತೆ ಬಾಗುತ್ತದೆ. ತಂದೆತಾಯಿಗಳಿಬ್ಬರಿಂದಲೂ ಈ ದೋಷವನ್ನು ಪಡೆದ ಮಗುವಿಗೆ ಸಿಕಲ್ ಸೆಲ್ ರೋಗವು ಆಜನ್ಮಸಂಗಾತಿ. ಓಲೆಗರಿಯ ಲಿಪಿಕಾರನ ಕೈತಪ್ಪಿನಿಂದ ಪದ್ಯದ ಅರ್ಥ ಕೆಡಬಹುದು. ಇಲ್ಲಿ ದೇಹವೇ ನೋಯುತ್ತದೆ.

ಈ ಹೋಲಿಕೆ ಕೇವಲ ಅಲಂಕಾರವಲ್ಲ. ಗಣಿತಜ್ಞ ಜಾನ್ ಫಾನ್ ನಾಯ್ಮನ್ ಅವರು 1948ರ ಉಪನ್ಯಾಸವೊಂದರಲ್ಲಿ, ತನ್ನಂಥದೇ ಯಂತ್ರವನ್ನು ನಿರ್ಮಿಸುವ ಯಂತ್ರವು ಹೇಗಿರಬೇಕೆಂದು ವಿವೇಚಿಸಿದರು. ಅದರ ಆದೇಶಲೇಖನವನ್ನು ಒಮ್ಮೆ ಓದಿ ಆಚರಿಸಬೇಕು, ಮತ್ತೊಮ್ಮೆ ಓದದೆಯೇ ಪ್ರತಿಮಾಡಬೇಕು. ಡಿ.ಎನ್.ಎ.ಯ ರಚನೆಯನ್ನು ವಾಟ್ಸನ್ ಮತ್ತು ಕ್ರಿಕ್ ಪ್ರಕಟಿಸಿದ್ದು 1953ರಲ್ಲಿ. ಕೋಶವು ನಡೆಸುತ್ತಿರುವುದೂ ಈ ಎರಡು ಕಾರ್ಯಗಳನ್ನೇ.

ಆದರೆ ಗವಯಕ್ಕೆ ಹಸುವಿನ ಗಂಗೆದೊಗಲಿಲ್ಲವೆಂಬುದನ್ನೂ ಅರಿಯಬೇಕು. ಗಣಕಯಂತ್ರದಲ್ಲಿ ಆದೇಶ ಬೇರೆ, ಅದನ್ನು ಓದುವ ಯಂತ್ರ ಬೇರೆ. ಯಂತ್ರವನ್ನು ಕಟ್ಟುವವರು ಕಾರ್ಖಾನೆಯಲ್ಲಿದ್ದಾರೆ. ಕೋಶದಲ್ಲಾದರೋ, ಲಿಪಿಯನ್ನು ಓದುವ ರೈಬೋಸೋಮ್ ಕೂಡ ಅದೇ ಲಿಪಿಯ ಆದೇಶದಿಂದ ಹುಟ್ಟಿದುದು. ಗ್ರಂಥವೇ ತನ್ನ ಓದುಗನನ್ನು ನಿರ್ಮಿಸುತ್ತದೆ. ಓದುಗನಿಲ್ಲದೆ ಗ್ರಂಥವು ಮೂಕ. ಆದಕಾರಣ ಕೋಶವು ಕೋಶದಿಂದಲೇ ಜನಿಸಬೇಕು. ಸಾಮ್ಯವನ್ನು ಬೋಧಿಸುವ ಅಧ್ಯಾಪಕರು ಈ ವೈಷಮ್ಯವನ್ನೂ ಬೋಧಿಸಲಿ. ಇಲ್ಲವಾದರೆ ವಿದ್ಯಾರ್ಥಿಯು ಉಪಮೆಯನ್ನು ಕಲಿತಾನು, ಜೀವವನ್ನು ಅರಿಯನು.