ಗೆರೆ ಕೊರೆಯುವ ಚಾಕುವಿಗೆ ಎಂಥ ಹಿಡಿ?

ಮಕ್ಕಳೇ, ಬಡಗಿ ಹಲಗೆಯನ್ನು ಕೊಯ್ಯುವ ಮೊದಲು ಏನು ಮಾಡುತ್ತಾರೆ, ಗಮನಿಸಿದ್ದೀರಾ? ಅಳತೆ ಮಾಡಿ ಗೆರೆ ಹಾಕುತ್ತಾರೆ. ಅವರ ಕಿವಿಯ ಹಿಂದೆ ಪೆನ್ಸಿಲ್ ಇರುವುದು ಅದಕ್ಕಾಗಿಯೇ. ಆದರೆ ನಾಜೂಕಾದ ಕೆಲಸಕ್ಕೆ ಪೆನ್ಸಿಲ್ ಸಾಲದು. ಗೆರೆ ಕೊರೆಯುವ ಚಾಕು, ದಬ್ಬಳದಂತೆ ಮೊನೆಯಾದ ಗೀರುಕಡ್ಡಿ, ಹಲಗೆಯ ಅಂಚಿಗೆ ಸಮಾನಾಂತರವಾಗಿ ಗೆರೆ ಎಳೆಯುವ ಮಾರ್ಕಿಂಗ್ ಗೇಜ್, ಇವೆಲ್ಲ ಆಗ ಬೇಕಾಗುತ್ತವೆ.

ಪೆನ್ಸಿಲ್ ಏಕೆ ಸಾಲದು? ಅದರ ಮೊನೆ ಬೇಗ ಸವೆಯುತ್ತದೆ. ಗೆರೆ ಅರ್ಧ ಮಿಲಿಮೀಟರ್ ದಪ್ಪವಾದರೆ, ಕೊಯ್ಯಬೇಕಾದದ್ದು ಅದರ ಎಡಕ್ಕೋ ಬಲಕ್ಕೋ ನಡುವೆಯೋ? ಒಂದು ಪೆಟ್ಟಿಗೆಯೊಳಗೆ ಆರು ತುಂಡುಗಳನ್ನು ಅಕ್ಕಪಕ್ಕ ಜೋಡಿಸಬೇಕು ಎಂದುಕೊಳ್ಳಿ. ಪ್ರತಿಯೊಂದೂ ಅರ್ಧ ಮಿ.ಮೀ. ಹೆಚ್ಚಾದರೆ ಒಟ್ಟು 3 ಮಿ.ಮೀ. ಹೆಚ್ಚಾಯಿತು. ಕೊನೆಯ ತುಂಡು ಒಳಗೆ ಹೋಗುವುದೇ ಇಲ್ಲ!

ಚಾಕು ಬಣ್ಣದ ಗೆರೆ ಹಾಕುವುದಿಲ್ಲ, ಮರದ ನಾರುಗಳನ್ನೇ ಕತ್ತರಿಸುತ್ತದೆ. ಮರವೆಂದರೆ ಒತ್ತಾಗಿ ಕಟ್ಟಿದ ಹುಲ್ಲಿನ ಹೊರೆ ಇದ್ದಂತೆ. ಅಡ್ಡಲಾಗಿ ಗರಗಸ ಹಾಕಿದಾಗ ನಾರುಗಳು ಕಿತ್ತುಬಂದು ಅಂಚು ಒರಟಾಗುತ್ತದೆ. ಮೊದಲೇ ಚಾಕುವಿನಿಂದ ಕತ್ತರಿಸಿದ್ದರೆ ಅಂಚು ನುಣುಪಾಗಿ ಉಳಿಯುತ್ತದೆ. ಉಳಿಯ ಬಾಯನ್ನು ಆ ಗೀರಿನೊಳಗೆ ಇಟ್ಟರೆ ಅದು ಆಚೀಚೆ ಜಾರುವುದೂ ಇಲ್ಲ. ಈ ಚಾಕುವನ್ನು ಒಂದೇ ಬದಿಯಲ್ಲಿ ಓರೆಯಾಗಿ ಮಸೆದಿರುತ್ತಾರೆ. ಇನ್ನೊಂದು ಬದಿ ಪೂರ್ತಿ ಚಪ್ಪಟೆ. ಚಪ್ಪಟೆ ಬದಿಯನ್ನು ಮೂಲೆಮಟ್ಟಕ್ಕೆ ಒತ್ತಿ ಎಳೆದರೆ ಗೀರು ಮಟ್ಟದ ಅಂಚಿನಲ್ಲೇ ಬೀಳುತ್ತದೆ. ಎರಡೂ ಬದಿ ಓರೆಯಾಗಿದ್ದರೆ ಮೊನೆ ಅಂಚಿನಿಂದ ಸ್ವಲ್ಪ ದೂರ ನಿಲ್ಲುತ್ತದೆ.

ಇನ್ನು ಹಿಡಿಯ ವಿಷಯ. 19ನೇ ಶತಮಾನದಲ್ಲಿ ಇಂಗ್ಲೆಂಡಿನ ಶೆಫೀಲ್ಡ್ ಊರು ಇಂಥ ಉಪಕರಣಗಳಿಗೆ ಹೆಸರಾಗಿತ್ತು. ಬೀಟೆ ಮತ್ತು ಕರಿಮರದ ಹಿಡಿ, ಅದಕ್ಕೆ ಹೊಳೆಯುವ ಹಿತ್ತಾಳೆ. ಈ ಮರಗಳು ಇಂಗ್ಲೆಂಡಿನಲ್ಲಿ ಬೆಳೆಯುವುದಿಲ್ಲ. ಉಷ್ಣವಲಯದ ನಾಡುಗಳಿಂದ ಹಡಗಿನಲ್ಲಿ ಹೋಗಬೇಕಿತ್ತು. ಹವ್ಯಾಸಕ್ಕಾಗಿ ಉಪಕರಣ ಮಾಡುವವರು ಇಂದಿಗೂ ಪರದೇಶದ ಗಟ್ಟಿಮರವನ್ನೇ ಹುಡುಕುತ್ತಾರೆ.

'ಗಟ್ಟಿಮರ' ಎಂಬ ಮಾತಿನಲ್ಲಿ ಒಂದು ತಮಾಷೆ ಇದೆ. ಪೈನ್, ದೇವದಾರುಗಳಂತೆ ಸೂಜಿ ಎಲೆಯ ಮರಗಳನ್ನು ಮೆದುಮರ ಎಂದೂ, ತೇಗ, ಬೀಟೆ, ಮಾವುಗಳಂತೆ ಅಗಲ ಎಲೆಯ ಮರಗಳನ್ನು ಗಟ್ಟಿಮರ ಎಂದೂ ವಿಜ್ಞಾನಿಗಳು ಕರೆಯುತ್ತಾರೆ. ಹಾಗಾಗಿ, ಉಗುರಿನಿಂದ ಒತ್ತಿದರೆ ಗುಳಿ ಬೀಳುವ ಬಾಲ್ಸಾ ಕೂಡ ಪಟ್ಟಿಯಲ್ಲಿ ಗಟ್ಟಿಮರವೇ! ಮರ ನಿಜಕ್ಕೂ ಎಷ್ಟು ಗಟ್ಟಿ ಎಂದು ತಿಳಿಯಲು ಹೆಸರಿಗಿಂತ ಸಾಂದ್ರತೆಯನ್ನು ನೋಡುವುದು ಮೇಲು. ನೀರಿನ ಸಾಂದ್ರತೆ 1 ಎಂದಿಟ್ಟುಕೊಂಡರೆ ಬಾಲ್ಸಾ ಸುಮಾರು 0.16, ತೇಗ 0.65, ಬೀಟೆ 0.85. ಆಫ್ರಿಕಾದ ಕರಿಮರದ್ದು ಸುಮಾರು 1.2. ಅಂದರೆ ಅದು ನೀರಿನಲ್ಲಿ ಮುಳುಗುತ್ತದೆ.

ಎಲ್ಲ ಮರಗಳ ಕೋಶಭಿತ್ತಿಯ ಸಾಂದ್ರತೆ ಹೆಚ್ಚುಕಡಿಮೆ ಒಂದೇ, ಸುಮಾರು 1.5. ಹಾಗಾದರೆ ವ್ಯತ್ಯಾಸ ಎಲ್ಲಿಂದ ಬಂತು? ಒಳಗಿನ ಖಾಲಿ ಜಾಗದಿಂದ. ಬಾಲ್ಸಾದಲ್ಲಿ ಭಿತ್ತಿ ತೆಳು, ಖಾಲಿ ಜಾಗ ಹೆಚ್ಚು. ಒಣಗಿದ ಬಾಲ್ಸಾದ ಹತ್ತರಲ್ಲಿ ಒಂಬತ್ತು ಪಾಲು ಬರೀ ಗಾಳಿ! ಕರಿಮರದಲ್ಲಿ ಭಿತ್ತಿ ದಪ್ಪ, ಖಾಲಿ ಜಾಗ ಬಹಳ ಕಡಿಮೆ. ಆದ್ದರಿಂದಲೇ ಅದನ್ನು ಕಡೆದರೆ ಕನ್ನಡಿಯಂತೆ ನುಣುಪಾಗುತ್ತದೆ.

ಹಿಡಿಯನ್ನು ಕಡೆಯುವುದು ಲೇತ್‌ನಲ್ಲಿ. ಚೌಕ ತುಂಡಿನ ಮೂಲೆಗಳನ್ನು ಕೆತ್ತಿ ಎಂಟು ಮುಖ ಮಾಡಿ, ಎರಡು ಮೊನೆಗಳ ನಡುವೆ ಸಿಕ್ಕಿಸಿ ತಿರುಗಿಸುತ್ತಾರೆ. ಉಳಿ ಒಂದೆಡೆ ಇರುತ್ತದೆ, ಮರವೇ ತಿರುಗಿ ಬಂದು ಅದಕ್ಕೆ ತಾಗುತ್ತದೆ. ಹಿಡಿಯ ವ್ಯಾಸ 2.5 ಸೆಂ.ಮೀ. ಇದ್ದು, ಅದು ನಿಮಿಷಕ್ಕೆ 1500 ಸುತ್ತು ಸುತ್ತಿದರೆ ಅದರ ಮೇಲ್ಮೈ ಗಂಟೆಗೆ ಸುಮಾರು 7 ಕಿ.ಮೀ. ವೇಗದಲ್ಲಿ ಉಳಿಯ ಮುಂದೆ ಸಾಗುತ್ತದೆ. (ಪರಿಧಿಯ ಸೂತ್ರ ಬಳಸಿ ನೀವೇ ಲೆಕ್ಕ ಮಾಡಿ.) ನಮ್ಮ ಚನ್ನಪಟ್ಟಣದ ಗೊಂಬೆಗಳೂ ಹೀಗೆ ಕಡೆದವೇ. ತಿರುಗುವ ಮರಕ್ಕೆ ಅಲ್ಲಿ ಅರಗಿನ ಕಡ್ಡಿ ಒತ್ತುತ್ತಾರೆ. ಘರ್ಷಣೆಯ ಬಿಸಿಗೆ ಅರಗು ಕರಗಿ ಮರಕ್ಕೆ ಅಂಟುತ್ತದೆ.

ಹಿಡಿಯ ಬಾಯಿಗೆ ಹಿತ್ತಾಳೆಯ ಬಳೆ ಹಾಕುತ್ತಾರೆ. ಇದು ಅಲಂಕಾರಕ್ಕಲ್ಲ. ಹುಲ್ಲಿನ ಹೊರೆಯ ತುದಿಗೆ ಗೂಟ ಹೊಡೆದರೆ ಹುಲ್ಲು ಬಿರಿಯುವುದಿಲ್ಲವೇ? ಹಾಗೆಯೇ ಚಾಕುವಿನ ಬಾಲ ತೂರಿದಾಗ ಮರ ಸೀಳದಂತೆ ಬಳೆ ಬಿಗಿಹಿಡಿಯುತ್ತದೆ. ಕುಡುಗೋಲಿನ ಹಿಡಿಯಲ್ಲಿ ಇಂಥ ಬಳೆಯನ್ನು ನೀವು ನೋಡಿರಬಹುದು. ಹಿಡಿ ಪೂರ್ತಿ ದುಂಡಗಿದ್ದರೆ ಮೇಜಿನಿಂದ ಉರುಳಿ ಬಿದ್ದು ಮೊನೆ ಮುರಿಯುತ್ತದೆ. ಅದಕ್ಕೆ ಜಾಣರು ಒಂದು ಬದಿಯನ್ನು ಸ್ವಲ್ಪ ಚಪ್ಪಟೆ ಮಾಡಿರುತ್ತಾರೆ. ಬೀಟೆಯಂಥ ಮರಗಳ ಹುಡಿ ಕೆಲವರಿಗೆ ತುರಿಕೆ, ಕೆಮ್ಮು ತರುತ್ತದೆ. ಆದ್ದರಿಂದ ಮೂಗಿಗೆ ಬಟ್ಟೆ ಕಟ್ಟದೆ ಈ ಕೆಲಸಕ್ಕೆ ಕೂರಬಾರದು.

ಆದರೆ ಇಷ್ಟು ಸೊಗಸಾದ ಮರ ಬೆಳೆಯಲು ಹತ್ತಾರು ವರ್ಷ ಬೇಕು. ಕಡಿದಷ್ಟು ಬೇಗ ಅದು ಬೆಳೆಯದು. ಅಳಿವಿನಂಚಿನ ಜೀವಿಗಳ ವ್ಯಾಪಾರವನ್ನು ನಿಯಂತ್ರಿಸುವ 'ಸೈಟಿಸ್' ಎಂಬ ಅಂತರರಾಷ್ಟ್ರೀಯ ಒಪ್ಪಂದವಿದೆ. ಅದರ ಅತಿ ಬಿಗಿಯಾದ ಪಟ್ಟಿಗೆ 1992ರಲ್ಲಿ ಬ್ರೆಜಿಲ್‌ನ ಬೀಟೆ ಸೇರಿತು. 2017ರಲ್ಲಿ ಬೀಟೆಯ ಇಡೀ ಕುಲವೇ ನಿಯಂತ್ರಣಕ್ಕೆ ಒಳಪಟ್ಟಿತು. ನಮ್ಮ ಪಶ್ಚಿಮ ಘಟ್ಟದ ಬೀಟೆಯೂ ಆಫ್ರಿಕಾದ ಕರಿಮರವೂ ಇದೇ ಕುಲದವು.

ಹಾಗಾದರೆ ಹಿಡಿಗೆ ಏನು ಮಾಡುವುದು? ಗೆರೆ ಕೊರೆಯುವ ಚಾಕುವಿನ ಮೇಲೆ ಯಾರೂ ಕೊಡತಿಯಿಂದ ಹೊಡೆಯುವುದಿಲ್ಲ. ಗೆರೆ ನೇರ ಬರುವುದು ಮೊನೆಯಿಂದ, ಹಿಡಿಯ ಬೆಲೆಯಿಂದಲ್ಲ. ನನ್ನ ಕೇಳಿದರೆ ಬಳ್ಳಾರಿ ಜಾಲಿ ಸಾಕು. ಹೆಸರಿನಲ್ಲಿ ಬಳ್ಳಾರಿ ಇದ್ದರೂ ಅದು ಪರದೇಶದ ಗಟ್ಟಿಮರವೇ! ಅದರ ತವರು ಮೆಕ್ಸಿಕೋ, ಮಧ್ಯ ಅಮೆರಿಕ ಮತ್ತು ದಕ್ಷಿಣ ಅಮೆರಿಕದ ಉತ್ತರ ಭಾಗ. 19ನೇ ಶತಮಾನದಲ್ಲಿ ಭಾರತಕ್ಕೆ ಬಂದ ಈ ಗಿಡ ಬಯಲುಸೀಮೆಯ ಕೆರೆ, ಬೀಳುಭೂಮಿಗಳನ್ನೆಲ್ಲ ಆಕ್ರಮಿಸಿದೆ. ಒಲೆಗೆ ಹೋಗುವ ಈ ಸೌದೆ ಸಾಂದ್ರತೆಯಲ್ಲಿ ಹೆಚ್ಚುಕಡಿಮೆ ಬೀಟೆಗೆ ಸಮ. ಅದರ ಚೇಗು ಕೆಂಗಂದು ಬಣ್ಣದ್ದು. ಹಿಡಿಗೆ ಬೇಕಾದದ್ದು ಗೇಣುದ್ದದ ತುಂಡು ಅಷ್ಟೆ, ದಪ್ಪ ಕೊಂಬೆ ಸಿಕ್ಕರೆ ಆಯಿತು. ನಡುವಿನ ತಿರುಳನ್ನು ಬಿಟ್ಟು ಸೀಳಬೇಕು. ಇಲ್ಲವಾದರೆ ಒಣಗುವಾಗ ಅಲ್ಲಿಂದಲೇ ಬಿರುಕು ಬಿಡುತ್ತದೆ. ತುದಿಗಳಿಂದ ನೀರು ಬೇಗ ಆರುವುದರಿಂದ ಅಲ್ಲಿಗೆ ಮೇಣ ಹಚ್ಚಿ ನೆರಳಿನಲ್ಲಿ ಒಣಗಿಸಬೇಕು. ಮುಳ್ಳಿನ ಬಗ್ಗೆ ಮಾತ್ರ ಎಚ್ಚರ. ಕಡಿಯುವ ಕೆಲಸ ದೊಡ್ಡವರಿಗೇ ಇರಲಿ.

ಮಾಡಿ ನೋಡಿ: ಬಡಗಿಯವರನ್ನು ಕೇಳಿ ಬೇರೆ ಬೇರೆ ಮರದ, 10 ಸೆಂ.ಮೀ. ಉದ್ದದ, ಒಂದೇ ದಪ್ಪದ ಒಣ ಕಡ್ಡಿಗಳನ್ನು ತನ್ನಿ. ಕಡ್ಡಿ ಅಡ್ಡ ಬೀಳದಷ್ಟು ಕಿರಿದಾದ, ಆಳವಾದ ಗಾಜಿನ ಬಾಟಲಿಯಲ್ಲಿ ನೀರು ತುಂಬಿ, ಒಂದೊಂದನ್ನೇ ನಿಲ್ಲಿಸಿ ತೇಲಿಬಿಡಿ. ನೀರೊಳಗಿನ ಭಾಗಕ್ಕೆ ತಕ್ಷಣ ಗುರುತು ಹಾಕಿ, ಹೊರತೆಗೆದು ಅಳೆಯಿರಿ. 6.5 ಸೆಂ.ಮೀ. ಮುಳುಗಿದ್ದರೆ ಸಾಂದ್ರತೆ ಸುಮಾರು 0.65. ನಿಮ್ಮೂರಿನ ಹುಣಸೆ, ಬೇವು, ಕರಿಜಾಲಿ, ಬಳ್ಳಾರಿ ಜಾಲಿಗಳಲ್ಲಿ ಯಾವುದು ಹೆಚ್ಚು ಮುಳುಗುತ್ತದೆ? ಗುರುತನ್ನು ಒಮ್ಮೆ ಪೆನ್ಸಿಲ್‌ನಿಂದ, ಇನ್ನೊಮ್ಮೆ ಶಿಕ್ಷಕರ ಎದುರಿನಲ್ಲಿ ಚಾಕುವಿನ ಮೊನೆಯಿಂದ ಹಾಕಿ ಅಳೆಯಿರಿ. ಎರಡು ಅಳತೆಗಳ ನಡುವೆ ಎಷ್ಟು ವ್ಯತ್ಯಾಸ ಬಂತು?