ಪದವಿಯನ್ನು ಮುಂದೂಡಿ ತರಬೇತಿ: ಲೆಕ್ಕ ಹಾಕುವ ಬಗೆ

ಅಂತಿಮ ವರ್ಷದ ಎಂಜಿನಿಯರಿಂಗ್ ವ್ಯಾಸಂಗವನ್ನು ಒಂದು ವರ್ಷ ಮುಂದೂಡಿ ಕಾರ್ಖಾನೆಯ ತರಬೇತಿಗೆ ಸೇರಲು ಮಗನೋ ಮಗಳೋ ಅಪೇಕ್ಷಿಸಿದಾಗ, ಉದ್ಯಮಿಯಾದ ತಂದೆಯು ಮೊದಲು ವಿಚಾರಿಸುವುದು ಸ್ಟೈಪೆಂಡನ್ನು. ಇದು ಅಪೂರ್ಣ ಲೆಕ್ಕ. ಮಾಸಿಕ ಸ್ಟೈಪೆಂಡ್ ರೂ. 12,000, ಪದವೀಧರರ ಆರಂಭಿಕ ವೇತನ ರೂ. 25,000 ಎಂದಿಟ್ಟುಕೊಳ್ಳೋಣ. ಪದವಿ ತಡವಾದರೆ ವೇತನವೂ ತಡವಾಗುವುದರಿಂದ, ವರ್ಷಕ್ಕೆ ಬರುವ ರೂ. 1,44,000ಕ್ಕೆ ಎದುರಾಗಿ ಕೈಬಿಡುವುದು ರೂ. 3,00,000; ನಿವ್ವಳ ವೆಚ್ಚ ರೂ. 1,56,000. ತರಬೇತಿಯ ಬಲದಿಂದ ಮುಂದೆ ವೇತನವು ತಿಂಗಳಿಗೆ ರೂ. 4,000 ಅಧಿಕವಾದರೆ ಇದು ಮರಳಲು ಮೂರೂಕಾಲು ವರ್ಷ ಸಾಕು. ಕೇವಲ ರೂ. 1,000 ಅಧಿಕವಾದರೆ ಹದಿಮೂರು ವರ್ಷ! ಪದವಿಯ ನಂತರ ಉದ್ಯೋಗವೇ ಖಚಿತವಿಲ್ಲವೆಂದಾದರೆ ಮಾತ್ರ ನಷ್ಟ ಇಷ್ಟಾಗದು.

ಆದುದರಿಂದ ಕಲಿಸುವುದೇನೆಂದು ವಿಚಾರಿಸಬೇಕು. ಸಿಎನ್‌ಸಿ ಪ್ರೋಗ್ರಾಮಿಂಗ್, ಗುಣಮಟ್ಟ ಪರೀಕ್ಷೆ ಕಲಿಸುವ ಘಟಕವಾದರೆ ಮುಂದೂಡಬಹುದು. ಸ್ಟೋರ್ಸ್ ಪುಸ್ತಕ ಬರೆಸುವುದಾದರೆ ಬೇಡವೆಂಬುದು ನನ್ನ ಅಭಿಪ್ರಾಯ. ಅದನ್ನು ನಮ್ಮ ಅಂಗಡಿಯಲ್ಲೇ ಕಲಿಯಬಹುದು.

ಇಂತಹ ವಿದ್ಯಾರ್ಥಿಗಳನ್ನು ಸೇರಿಸಿಕೊಳ್ಳುವ ಸದಸ್ಯರಿಗೂ ಒಂದು ಮಾತು. 1961ರ ಅಪ್ರೆಂಟಿಸ್ ಕಾಯ್ದೆಯ 18ನೇ ಕಲಮಿನಂತೆ ಅಪ್ರೆಂಟಿಸರು ತರಬೇತಿ ಪಡೆಯುವವರೇ ಹೊರತು ಕಾರ್ಮಿಕರಲ್ಲ. ಆದರೆ ಒಪ್ಪಂದವನ್ನು ನೋಂದಾಯಿಸದೆ ಬಾಯಿಮಾತಿನ ಮೇಲೆ ಇಟ್ಟುಕೊಂಡಲ್ಲಿ ಈ ಕಲಮಿನ ರಕ್ಷಣೆ ದೊರೆಯದೆ, ಇಎಸ್‌ಐ ಹಾಗೂ ಭವಿಷ್ಯ ನಿಧಿಯ ಬಾಕಿಗೆ ನೋಟೀಸು ಬರುವ ಸಂಭವವುಂಟು.